ದರಕು ಗುಡಿಸುವಾಗ ಬಾಲ ಅಲ್ಲಾಡಿಸಿದ ಹಾವು. ಗಿಲಕಿ ಹಾವು ನಮ್ಮ ಕಡೆಗೂ ಉಂಟಾ?

ಬೆಟ್ಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ಹುಲೇಕಲ್ ಆಚೆ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದು ಎರಡು ವರ್ಷ ಆಯ್ತು, ಆದ್ರೂ ಹಾವಿನ ವಿಷಯದಲ್ಲಿ ಇನ್ನೂ ಅರ್ಧ ಪೇಟೆಯವನೇ, ಹಾಗಾಗಿ ನಗಾಡಬೇಡಿ.

ಮೊನ್ನೆ ಭಾನುವಾರ ಬೆಳಗ್ಗೆ ಬೆಟ್ಟದಲ್ಲಿ ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸ್ತಾ ಇದ್ವಿ. ನಾನು, ಆಯಿ, ಮತ್ತೆ ಕೆಲಸಕ್ಕೆ ಬರೋ ಇಬ್ಬರು. ಹೊನ್ನೆ ಮರದ ಬುಡದಲ್ಲಿ ರಾಶಿ ಮಾಡಿದ್ದನ್ನ ಹಗ್ಗದ ಬಲೆಯ ಕಲ್ಲಿಗೆ ತುಂಬೋಣ ಅಂತ ಬಗ್ಗಿ ಇನ್ನೇನು ಎರಡೂ ಕೈ ಹಾಕ್ಬೇಕು, ದರಕಿನ ಒಳಗಿಂದ ಸರ್ರ್ರ್ ಅಂತ ಸದ್ದು ಶುರು ಆಯ್ತು. ಹಾವು ಹರಿದು ಹೋಗೋ ಸದ್ದು ಬೇರೆ, ಅದು ನನಗೂ ಗೊತ್ತಾಗುತ್ತೆ. ಇದು ಒಂದೇ ಜಾಗದಿಂದ ಬರ್ತಾ ಇತ್ತು, ಮೊಬೈಲನ್ನ ವೈಬ್ರೇಟಲ್ಲಿ ಹಾಕಿ ನ್ಯೂಸ್ ಪೇಪರ್ ಮೇಲೆ ಇಟ್ಟಾಗ ಬರುತ್ತಲ್ಲ, ಹಾಗೆ. ಕಡ್ಡಿ ಪೊರಕೆಯ ಹಿಂದಿನ ತುದಿಯಿಂದ ಮೆಲ್ಲಗೆ ಎರಡು ಎಲೆ ಸರಿಸಿದೆ. ಸುರುಳಿ ಸುತ್ತಿ ಕೂತಿತ್ತು. ಬಿಡಿಸಿದ್ರೆ ಎರಡು ಗೇಣು ಇರ್ಬಹುದು ಅಷ್ಟೆ, ಬಣ್ಣ ಮಾತ್ರ ಸೇಮ್ ದರಕು, ತಲೆ ಓರೆಯಾಗಿ ಮೇಲಕ್ಕೆತ್ತಿ ಇಟ್ಕೊಂಡಿತ್ತು, ಬಾಲದ ತುದಿ ಕಣ್ಣಿಗೆ ಕಾಣದಷ್ಟು ಫಾಸ್ಟಾಗಿ ಅದುರ್ತಾ ಇತ್ತು. ನಾನು ನಾಲ್ಕು ಹೆಜ್ಜೆ ಹಿಂದೆ ಬಂದ ಮೇಲೆ ನಿಲ್ಲಿಸ್ತು. ಫೋಟೋ ತೆಗೆಯೋಕೆ ಆಗ್ಲಿಲ್ಲ, ಸತ್ಯ ಹೇಳ್ಬೇಕು ಅಂದ್ರೆ ಕೈ ನಡುಗ್ತಿತ್ತು.

ಮನೆಗೆ ಬಂದು ಭಾವನ ಹತ್ರ ಹೇಳಿದ್ದೇ ತಪ್ಪಾಯ್ತು. ತಕ್ಷಣ ಯೂಟ್ಯೂಬಲ್ಲಿ ರಾಟಲ್‌ಸ್ನೇಕ್, ಅದೇ ಗಿಲಕಿ ಹಾವಿನ ವಿಡಿಯೋ ಹಾಕಿ ಇದೇ ಅಲ್ವನೋ ಅಂದ. ಬಾಲ ಅಲ್ಲಾಡಿಸಿ ಸದ್ದು ಮಾಡೋ ಹಾವು ಪ್ರಪಂಚದಲ್ಲಿ ಅದೊಂದೇ ಅಂತೆ. ಸಂಜೆ ಹೊತ್ತಿಗೆ ಅದು ಅಮೆರಿಕಾದಿಂದ ಯಾರೋ ತಂದು ನಮ್ಮ ಕಾಡಿಗೆ ಬಿಟ್ಟಿದ್ದು ಅನ್ನೋವರೆಗೂ ಕಥೆ ಬೆಳೆದು ಕೇರಿ ಪೂರ್ತಿ ಸುತ್ತಿ ವಾಪಸ್ ನಮ್ಮ ಮನೆಗೇ ಬಂತು. ಈಗ ಕೆಲಸದವರು ಆ ಬದಿಗೆ ಕಾಲಿಡಲ್ಲ ಅಂತಾರೆ, ದರಕು ಅರ್ಧ ಹಾಗೇ ಬಿದ್ದಿದೆ.

ಗಿಲಕಿ ಹಾವು ನಿಜವಾಗ್ಲೂ ನಮ್ಮ ಘಟ್ಟದಲ್ಲಿ ಇದೆಯಾ? ಇಲ್ಲ ಅಂದ್ರೆ ಇದೆಂತದು? ಅಪ್ಪಿತಪ್ಪಿ ಕಚ್ಚಿದ್ರೆ ಎಂತ ಗತಿ? ಗೊತ್ತಿದ್ದವರು ಹೇಳಿ.


ಘಟ್ಟದಕೆಳಗಿನವ, ಅಂಕೋಲಾ

ಹಾವು ನೋಡಿದ್ದು ಗ್ಯಾರಂಟಿನಾ ಮಾರಾಯ? ಯಾಕೆ ಕೇಳ್ದೆ ಅಂದ್ರೆ ಒಂದು ಸಲ ರಾತ್ರಿ ನಮ್ಮ ತೆಂಗಿನ ತೋಟದಲ್ಲಿ ಹೀಗೇ ಗಲಗಲಗಲ ಅಂತ ಸದ್ದಾಗಿ ನಾವೆಲ್ಲ ದೆವ್ವ ಅಂತ ಓಡಿದ್ವಿ, ಬ್ಯಾಟರಿ ಬಿಟ್ಟು ನೋಡಿದ್ರೆ ಮುಳ್ಳುಹಂದಿ. ಅದರ ಬಾಲದಲ್ಲಿ ಟೊಳ್ಳು ಮುಳ್ಳು ಇರ್ತದೆ, ಸಿಟ್ಟು ಬಂದ್ರೆ ಅದನ್ನ ಅಲ್ಲಾಡಿಸಿ ಹೆದರಿಸೂದು. ನಿಜವಾದ ಗಿಲಕಿ ಬೇಕು ಅಂದ್ರೆ ನಮ್ಮ ಜಿಲ್ಲೆಲಿ ಅದೇ.


ಬೆಟ್ಟದಮನೆ, ಶಿರಸಿ

ಮುಳ್ಳುಹಂದಿ ಎರಡು ಗೇಣಿಂದು ಸುರುಳಿ ಸುತ್ಕೊಂಡು ಕೂತಿದ್ರೆ ಅದೇ ಇರ್ಬಹುದು ಅಣ್ಣಾ.


ಕಾಳಿದಂಡೆ, ಕಾರವಾರ

ನಾನು ಕಾರವಾರ, ಕದ್ರಾ ಕಡೆ ಮನೆಗೆ ಬಂದ ಹಾವು ಹಿಡಿದು ಕಾಡಿಗೆ ಬಿಡೂದು ಮಾಡ್ತಾ ಇದ್ದೇನೆ, ಹನ್ನೊಂದು ವರ್ಷ ಆಯ್ತು. ಮೊದಲನೇ ಪ್ರಶ್ನೆಗೆ ಉತ್ತರ ಸುಲಭ. ರಾಟಲ್‌ಸ್ನೇಕ್ ಭಾರತದಲ್ಲಿ ಇಲ್ಲ. ಭಾರತ ಬಿಡಿ, ಏಷ್ಯಾ, ಆಫ್ರಿಕಾ, ಯುರೋಪ್ ಎಲ್ಲೂ ಇಲ್ಲ. ಕೆನಡಾದ ದಕ್ಷಿಣ ತುದಿಯಿಂದ ಹಿಡಿದು ಅರ್ಜೆಂಟೀನಾದವರೆಗೆ, ಅಮೆರಿಕಾ ಖಂಡಗಳಲ್ಲಿ ಮಾತ್ರ. ಅದನ್ನ ಅಲ್ಲಿಂದ ತಂದು ನಿಮ್ಮ ಸೊಪ್ಪಿನ ಬೆಟ್ಟಕ್ಕೆ ಬಿಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ ಅಂತ ನಿಮ್ಮ ಭಾವನಿಗೆ ಹೇಳಿ.

ಆದ್ರೆ ಭಾವ ಪೂರ್ತಿ ತಪ್ಪು ಅಂತಾನೂ ಅಲ್ಲ. ರಾಟಲ್‌ಸ್ನೇಕಿನ ದಾಯಾದಿಗಳು ನಮ್ಮಲ್ಲಿ ಇದ್ದಾರೆ. ಪಿಟ್ ವೈಪರ್ ಅಂತಾರಲ್ಲ, ಗುಳಿಮಂಡಲ, ಅದೇ ವಂಶ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಎರಡೂ ಬದಿಗೆ ಒಂದೊಂದು ಸಣ್ಣ ಗುಳಿ ಇರ್ತದೆ, ಬಿಸಿ ಮೈಯಿನ ಪ್ರಾಣಿ ಹತ್ರ ಬಂದ್ರೆ ಕತ್ತಲಲ್ಲೂ ಅದಕ್ಕೆ ಆ ಗುಳಿಯಿಂದಲೇ ಗೊತ್ತಾಗ್ತದೆ. ರಾಟಲ್‌ಸ್ನೇಕಿಗೂ ಅದೇ ಗುಳಿ. ನಮ್ಮ ಘಟ್ಟದಲ್ಲಿ ಮಲಬಾರ್ ಪಿಟ್ ವೈಪರ್ ಉಂಟು, ಒಂದೊಂದು ಒಂದೊಂದು ಬಣ್ಣ, ಹಸಿರು, ಹಳದಿ, ಕಂದು, ಕಿತ್ತಳೆ ಛಾಯೆದು ಸಹ ನೋಡಿದ್ದೇನೆ. ಮಳೆಗಾಲದಲ್ಲಿ ಕ್ಯಾಸಲ್‌ರಾಕ್ ಬದಿಗೆ ಹೋದ್ರೆ ಗಿಡದ ಮೇಲೆ ಕೂತಿರ್ತದೆ. ಬಿದಿರು ಹಿಂಡಲಲ್ಲಿ ಹಸಿರು ಬಣ್ಣದ್ದು ಇನ್ನೊಂದು ಜಾತಿ.

ನೀವು ಹೇಳಿದ್ದು ಇವೆರಡೂ ಅಲ್ಲ ಅನ್ನಿಸ್ತದೆ. ಒಂದು ಪ್ರಶ್ನೆ, ನೆನಪು ಮಾಡ್ಕೊಂಡು ಹೇಳಿ. ಮೂತಿಯ ತುದಿ ಹೇಗಿತ್ತು?


ಬೆಟ್ಟದಮನೆ, ಶಿರಸಿ

ಮೂತಿ ಚೂಪಾಗಿ ಮೇಲಕ್ಕೆ ತಿರುಗಿದ ಹಾಗಿತ್ತು. ಹಂದಿಮರಿ ಮುಖ ನೆನಪಾಯ್ತು ನನಗೆ, ಆದ್ರೆ ಬರೆದ್ರೆ ಕಾಮಿಡಿ ಆಗುತ್ತೆ ಅಂತ ಬರ್ದಿಲ್ಲ.


ಕಾಳಿದಂಡೆ, ಕಾರವಾರ

ಅದನ್ನೇ ಮೊದಲು ಬರೀಬೇಕಿತ್ತು. ಹಂಪ್‌ನೋಸ್ಡ್ ಪಿಟ್ ವೈಪರ್. ಉಬ್ಬು ಮೂಗಿನ ಗುಳಿಮಂಡಲ ಅಂತ ಬೇಕಾದ್ರೆ ಕರೀರಿ. ಫೋಟೋ ಇಲ್ದೆ ನೂರಕ್ಕೆ ನೂರು ಹೇಳೂದು ಸರಿಯಲ್ಲ, ಆದ್ರೆ ಎರಡು ಗೇಣು ಉದ್ದ, ದರಕಿನ ಬಣ್ಣ, ಮೇಲೆ ತಿರುಗಿದ ಮೂತಿ, ತಲೆ ಓರೆಯಾಗಿ ಎತ್ತಿ ಸುರುಳಿ ಕೂರೂದು, ಬಾಲ ಅದುರಿಸೂದು, ಇಷ್ಟೆಲ್ಲ ಒಟ್ಟಿಗೆ ಇದ್ರೆ ನಮ್ಮ ಕಡೆ ಬೇರೆ ಹಾವು ಯಾವುದು? ಕೊಳಕು ಮಂಡಲ ಆದ್ರೆ ಕುಕ್ಕರ್ ಸೀಟಿ ಬಿಡೋ ಮೊದಲು ಉಬ್ಬಸ ಬಿಡ್ತದಲ್ಲ ಹಾಗೆ ಬುಸ್ ಅಂತದೆ, ಆ ಸದ್ದು ಬಾಯಿಂದ. ಗರಗಸ ಮಂಡಲ ಮೈಯನ್ನ ಮೈಗೇ ಉಜ್ಜಿ ಕರಕರ ಮಾಡ್ತದೆ, ಅದು ಕಲ್ಲು ಕುರುಚಲಿನ ಒಣ ಜಾಗದ ಹಾವು.

ಬಾಲ ಅದುರಿಸೂದು ಬಹಳ ಹಾವುಗಳ ಚಾಳಿ. ವಿಷ ಇಲ್ಲದ ಟ್ರಿಂಕೆಟ್ ಹಾವು ಕೂಡ ಮಾಡ್ತದೆ. ಬಾಲ ಅದುರಿಸ್ತು ಅಂದ ಮಾತ್ರಕ್ಕೆ ಇಂಥದ್ದೇ ಅಂತ ಹೇಳ್ಲಿಕ್ಕೆ ಬರೂದಿಲ್ಲ.


ಹಳೇಮಂಡಿ, ಶಿರಸಿ

ತಮಾ, ಈ ಹಾವು ನಮ್ಮ ಕಾಲದಲ್ಲೂ ಇತ್ತು. ನಾವು ಮಂಡಲದ ಮರಿ ಹೇಳ್ತಿದ್ವಿ. ಅದು ಮರಿಯಲ್ಲ, ದೊಡ್ಡದಾದ್ರೂ ಅಷ್ಟೇ ಇರ್ತು ಅನ್ನೋದು ನನಗೆ ಅರವತ್ತು ದಾಟಿದ ಮೇಲೆ ಗೊತ್ತಾದದ್ದು. ನಮ್ಮ ಅಪ್ಪಯ್ಯ ದರಕಿಗೆ ಹೋದ್ರೆ ಮೊದಲು ಕೋಲಲ್ಲಿ ರಾಶಿ ಕೆದಕಿ, ನೆಲಕ್ಕೆ ನಾಲ್ಕು ಸಲ ಕುಟ್ಟಿ, ಆಮೇಲೆ ಕೈ ಹಾಕ್ತಿದ್ದ. ಈಗಿನವರು ಇಯರ್‌ಫೋನ್ ಹಾಕ್ಕೊಂಡು ಹೋಗ್ತ್ರಿ. ಸದ್ದು ಕೇಳಿದ್ದೇ ನಿನ್ನ ಪುಣ್ಯ. ಒಂದು ಪೆಟ್ಟು ಹಾಕಿ ಮುಗಿಸಿದ್ರೆ ಕೆಲಸದವರೂ ಬರ್ತಿದ್ರು.


ಕಾಳಿದಂಡೆ, ಕಾರವಾರ

ಅಜ್ಜಾ, ಕೋಲಿನ ಮಾತು ಬಂಗಾರ. ಪೆಟ್ಟಿನ ಮಾತು ಮಾತ್ರ ಬೇಡ. ಹೊಡಿಲಿಕ್ಕೆ ಬಗ್ಗಿದವರಿಗೇ ಕಚ್ಚಿದ್ದನ್ನ ನಾನು ಎರಡು ಕಡೆ ಕಣ್ಣಾರೆ ನೋಡಿದ್ದೇನೆ. ಅದು ಅಲ್ಲೇ ಕೂತು ಇಲಿ, ಕಪ್ಪೆ, ಹಲ್ಲಿ, ಅರಣೆ ತಿನ್ಕೊಂಡು ಇರೂ ಹಾವು, ಅಟ್ಟಿಸ್ಕೊಂಡು ಬರೂದಿಲ್ಲ.


ದೂರದ ಸಿದ್ದಾಪುರದವ

ಈ ಥ್ರೆಡ್ ನೋಡಿ ತಡಕೊಳ್ಳೋಕೆ ಆಗ್ಲಿಲ್ಲ. ನಾನು ಸಿದ್ದಾಪುರ ತಾಲೂಕಿನವನು, ಈಗ ಹದಿನಾಲ್ಕು ವರ್ಷದಿಂದ ಪೆನ್ಸಿಲ್ವೇನಿಯಾದಲ್ಲಿ ಇದೀನಿ, ಅಪ್ಪಲೇಚಿಯನ್ ಬೆಟ್ಟಸಾಲಿನ ಮಗ್ಗುಲಲ್ಲಿ. ನಿಮ್ಮ ಭಾವ ಯೂಟ್ಯೂಬಲ್ಲಿ ತೋರಿಸಿದ್ದನ್ನ ನಾನು ಮೂರು ಸಲ ಎದುರಿಗೆ ನೋಡಿದೀನಿ.

ಇಲ್ಲಿರೋದು ಟಿಂಬರ್ ರಾಟಲ್‌ಸ್ನೇಕ್. ರಾಟಲ್‌ಸ್ನೇಕ್ ಅಂದ ತಕ್ಷಣ ನಮಗೆ ಸಿನಿಮಾದ ಮರಳುಗಾಡು, ಕಳ್ಳಿಗಿಡ ನೆನಪಾಗುತ್ತಲ್ಲ, ಇದು ಅದಲ್ಲ, ಓಕ್ ಮರದ ದಟ್ಟ ಬೆಟ್ಟದ ಕಾಡಿನದ್ದು, ಕಾಲ ಕೆಳಗೆ ನಮ್ಮ ಕಾನಿನ ಹಾಗೇ ಮೊಣಕಾಲು ಮುಚ್ಚೋ ದರಕು. ಮೊದಲ ಸಲ ನೋಡಿದ್ದು ಜುಲೈಲಿ. ದಾರಿ ಬದಿಗೆ ಒಂದು ದೊಡ್ಡ ಓಕ್ ದಿಮ್ಮಿ ಬಿದ್ದಿತ್ತು, ನಾನು ಅದರ ಮೇಲೆ ಕೂತು ನೀರು ಕುಡಿಯೋಣ ಅಂತ ಹೋಗ್ತಾ ಇದ್ದೆ, ಜೊತೆಗಿದ್ದವರು ತೋಳು ಹಿಡಿದು ನಿಲ್ಲಿಸಿ ಬೆರಳು ತೋರಿಸಿದ್ರು. ತೋರಿಸಿದ ಮೇಲೂ ನನಗೆ ಅರ್ಧ ನಿಮಿಷ ಕಾಣಲಿಲ್ಲ. ದಿಮ್ಮಿಗೆ ಒತ್ತಿಕೊಂಡು ಸುರುಳಿ ಸುತ್ತಿ, ಗಲ್ಲವನ್ನ ದಿಮ್ಮಿ ಮೇಲೆ ಇಟ್ಟು ಕೂತಿತ್ತು, ಜಗಲಿಲಿ ಕೂತ ಅಜ್ಜ ಕೋಲಿನ ಮೇಲೆ ಗಲ್ಲ ಇಟ್ಕೊಂಡು ದಾರಿ ನೋಡ್ತಾರಲ್ಲ ಹಾಗೆ. ಇಲಿ, ಅಳಿಲಿನ ಜಾತಿಯ ಚಿಪ್‌ಮಂಕ್ ಎಲ್ಲ ದಿಮ್ಮಿ ಮೇಲೇ ಓಡಾಡೋದು, ಅದಕ್ಕೆ ಅಲ್ಲೇ ಕಾಯೋದಂತೆ. ಮೈ ಹಳದಿ ಮಿಶ್ರ ಕಂದು, ಮೇಲೆ ಕಪ್ಪು ಅಡ್ಡಪಟ್ಟೆ ಓರೆಕೋರೆಯಾಗಿ, ಬಾಲದ ಹತ್ರ ಬಂದ್ರೆ ಪೂರ್ತಿ ಮಕಮಲ್ಲಿನ ಕಪ್ಪು. ಇದೇ ಜಾತಿಲಿ ಮೈ ಎಲ್ಲ ಕಪ್ಪಾಗಿರೋದೂ ಇದೆ. ಸಾಮಾನ್ಯ ಮೂರರಿಂದ ಐದು ಅಡಿ.

ನಾವು ಏಳೆಂಟು ಅಡಿ ದೂರದಲ್ಲಿ ಹತ್ತು ನಿಮಿಷ ನಿಂತಿದ್ವಿ. ಅದು ಒಂದು ಸಲನೂ ಗಿಲಕಿ ಬಾರಿಸ್ಲಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯ್ತು, ಟಿಕೆಟ್ ತಗೊಂಡು ಯಕ್ಷಗಾನಕ್ಕೆ ಹೋಗಿ ಚಂಡೆ ಕೇಳದೆ ವಾಪಸ್ ಬಂದ ಹಾಗೆ. ಆಮೇಲೆ ಗೊತ್ತಾಯ್ತು, ಇದರ ಮೊದಲ ಉಪಾಯ ಕಾಣದ ಹಾಗೆ ಸುಮ್ಮನೆ ಕೂರೋದು, ಗಿಲಕಿ ಕೊನೆಗೆ.

ಸದ್ದು ಕೇಳಿದ್ದು ಎರಡನೇ ಸಲ, ಬಿಸಿಲು ಬೀಳೋ ಬಂಡೆ ಹತ್ರ. ಬಸುರಿ ಹಾವುಗಳು ಬೇಸಿಗೆಲಿ ಅಂಥ ಬಂಡೆ ಮೇಲೆ ಮೈ ಕಾಯಿಸ್ತಾ ಇರ್ತವೆ. ಇದು ಮೊಟ್ಟೆ ಇಡಲ್ಲ, ನೇರ ಮರಿ ಹಾಕುತ್ತೆ. ಗಿಲಕಿ ಅಂತ ಹೆಸರಿದೆ ಅಂತ ಮಾರಿಕಾಂಬಾ ಜಾತ್ರೆಲಿ ಮಕ್ಕಳಿಗೆ ಕೊಡಿಸ್ತೀವಲ್ಲ, ಆ ಗಲ್ ಗಲ್ ಅಂದ್ಕೋಬೇಡಿ. ಒದ್ದೆ ಕರಿಬೇವನ್ನ ಕಾದ ಎಣ್ಣೆಗೆ ಹಾಕಿದ್ರೆ ಒಂದು ಸಲ ಚಿರ್ರ್ ಅನ್ನುತ್ತಲ್ಲ, ಆ ಸದ್ದು ನಿಲ್ಲದೇ ಹೋದ್ರೆ ಹೇಗಿರುತ್ತೋ ಹಾಗೆ. ಎಲ್ಲಿಂದ ಬರ್ತಿದೆ ಅಂತ ದಿಕ್ಕು ಗೊತ್ತಾಗಲ್ಲ, ಅದೇ ಭಯ. ಕಾಲು ತನ್ನಷ್ಟಕ್ಕೇ ಹಿಂದೆ ಬಂತು.

ಆ ಗಿಲಕಿಯನ್ನ ಒಂದು ಪ್ರಕೃತಿ ಕೇಂದ್ರದಲ್ಲಿ ಕೈಯಲ್ಲಿ ಹಿಡಿದು ನೋಡಿದೀನಿ. ತೂಕವೇ ಇಲ್ಲ, ನಮ್ಮ ಉಗುರು ಯಾವುದರದ್ದೋ ಅದರದ್ದೇ, ಕೆರಾಟಿನ್. ಸಣ್ಣ ಸಣ್ಣ ಟೊಪ್ಪಿಗಳನ್ನ ಒಂದರೊಳಗೊಂದು ಸಡಿಲವಾಗಿ ಸಿಕ್ಕಿಸಿದ ಹಾಗೆ ಇರುತ್ತೆ. ಒಳಗೆ ಕಾಳು ಗೀಳು ಏನೂ ಇಲ್ಲ, ಖಾಲಿ, ಒಂದು ಟೊಪ್ಪಿ ಇನ್ನೊಂದಕ್ಕೆ ಬಡಿದೇ ಸದ್ದು. ಬಾಲದ ಸ್ನಾಯು ಅದನ್ನ ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಸಲ ಅಲ್ಲಾಡಿಸಬಹುದು. ಪ್ರತಿ ಸಲ ಪೊರೆ ಬಿಟ್ಟಾಗ ಬುಡದಲ್ಲಿ ಒಂದು ಟೊಪ್ಪಿ ಹೊಸದಾಗಿ ಸೇರುತ್ತೆ. ಎಷ್ಟು ಟೊಪ್ಪಿಯೋ ಅಷ್ಟು ವಯಸ್ಸು ಅನ್ನೋದು ಸುಳ್ಳು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪೊರೆ ಬಿಡಬಹುದು, ತುದಿಯದು ಮುರಿದೂ ಹೋಗುತ್ತೆ. ಆಗಷ್ಟೇ ಹುಟ್ಟಿದ ಮರಿಗೆ ಒಂದೇ ಗುಂಡಿ, ಬಡಿಯೋಕೆ ಜೊತೆ ಇಲ್ಲ, ಸದ್ದೂ ಇಲ್ಲ.


ಘಟ್ಟದಕೆಳಗಿನವ, ಅಂಕೋಲಾ

ಒಂದೇ ಕೈಯಲ್ಲಿ ಚಪ್ಪಾಳೆ ಆಗೂದಿಲ್ಲ ಅಂದ ಹಾಗಾಯ್ತು. ಭಟ್ರೆ, ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳ್ತದಲ್ಲ, ಆವಾಗ ಹಾವು ಎಂತ ಮಾಡ್ತದೆ?


ದೂರದ ಸಿದ್ದಾಪುರದವ

ಭಟ್ರು ಅಂತ ಯಾರು ಹೇಳಿದ್ದು ನಿಮಗೆ, ನಾನು ನಾಯ್ಕ.

ಚಳಿಗಾಲದ ಕಥೆಯೇ ನನಗೆ ಎಲ್ಲಕ್ಕಿಂತ ಇಷ್ಟ. ಬಿಸಿಲಿಗೆ ಮುಖ ಮಾಡಿದ ಬಂಡೆ ಇಳಿಜಾರಲ್ಲಿ ಆಳವಾದ ಬಿರುಕು ಇರ್ತವೆ, ಹಿಮದ ಗಡ್ಡೆ ಮುಟ್ಟದಷ್ಟು ಆಳ. ಸುತ್ತಲಿನ ಕಾಡಿನ ಹಾವೆಲ್ಲ ಅಕ್ಟೋಬರ್ ಹೊತ್ತಿಗೆ ಅಲ್ಲಿ ಬಂದು ಸೇರ್ತವೆ, ಏಪ್ರಿಲ್ ಮೇ ತನಕ ಹೊರಗೆ ಬರಲ್ಲ. ಅರ್ಧ ವರ್ಷಕ್ಕೂ ಹೆಚ್ಚು ನೆಲದ ಕೆಳಗೇ. ಪ್ರತಿ ವರ್ಷ ಅದೇ ಬಿಲ. ಆ ವರ್ಷ ಹುಟ್ಟಿದ ಮರಿಗಳು ದೊಡ್ಡವುಗಳ ವಾಸನೆ ಹಿಡಿದು ಹಿಂದೆ ಹೋಗಿ ಬಿಲ ಹುಡುಕ್ತವೆ. ಮೂಲಮನೆ ಇದ್ದ ಹಾಗೆ, ಎಲ್ಲೇ ಇದ್ರೂ ಹಬ್ಬಕ್ಕೆ ಅಲ್ಲಿಗೇ ಬರ್ಬೇಕು.

ಅದೇ ಅವಕ್ಕೆ ಮುಳುವಾಗಿದ್ದು ಕೂಡ. ಬಿಲ ಗೊತ್ತಿದ್ರೆ ಒಂದು ಬೆಟ್ಟದ ಹಾವನ್ನೆಲ್ಲ ಒಂದೇ ಜಾಗದಲ್ಲಿ ಮುಗಿಸಬಹುದು. ಕೊಂದು ತಂದವರಿಗೆ ದುಡ್ಡು ಕೊಡ್ತಿದ್ದ ಕಾಲವೂ ಇತ್ತು ಇಲ್ಲಿ. ಹೆಣ್ಣು ಮೊದಲ ಸಲ ಮರಿ ಹಾಕೋಕೆ ಏಳರಿಂದ ಹತ್ತು ವರ್ಷ ಬೇಕು, ಆಮೇಲೂ ಎರಡು ಮೂರು ವರ್ಷಕ್ಕೊಮ್ಮೆ ಅಷ್ಟೆ, ಹೋದದ್ದು ತುಂಬಿ ಬರೋದು ಹೇಗೆ? ಮೇನ್, ರೋಡ್ ಐಲೆಂಡ್ ರಾಜ್ಯಗಳಲ್ಲಿ ಪೂರ್ತಿ ಹೋಗಿಬಿಟ್ಟಿದೆ. ತಮಾಷೆ ಅಂದ್ರೆ 1775ರಲ್ಲಿ ಬ್ರಿಟಿಷರ ವಿರುದ್ಧ ಎದ್ದಾಗ ಇವರು ಹಳದಿ ಬಾವುಟದ ಮೇಲೆ ಇದೇ ಗಿಲಕಿ ಹಾವನ್ನ ಬರೆದು ನನ್ನ ತುಳಿಬೇಡ ಅಂತ ಬರೆಸಿದ್ರು. ಆಮೇಲೆ ಇವರೇ ಅದನ್ನ ತುಳಿದಿದ್ದು.

ಮತ್ತೆ ಯಾರೋ ತಂದು ಬಿಟ್ರು ಅನ್ನೋ ಮಾತು ಇಲ್ಲೂ ಇದೆ, ನಗಬೇಡಿ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಈ ಹಾವು ಅಳಿವಿನ ಅಂಚಿಗೆ ಬಂತು ಅಂತ ಕ್ವಾಬಿನ್ ಅನ್ನೋ ದೊಡ್ಡ ಜಲಾಶಯದ ನಡುವಿನ ಜನರಿಲ್ಲದ ದ್ವೀಪದಲ್ಲಿ ಸಾಕಿದ ಮರಿ ಬಿಡೋ ಯೋಜನೆ ಹಾಕಿದ್ರು. 2016ರಲ್ಲಿ ಅದು ದೊಡ್ಡ ಗಲಾಟೆ ಆಯ್ತು, ಹಾವು ಈಜಿ ಬರುತ್ತೆ, ಮಕ್ಕಳಿಗೆ ಕಚ್ಚುತ್ತೆ ಅಂತೆಲ್ಲ. 2017ರಲ್ಲಿ ಕೈಬಿಟ್ರು. ನಿಮ್ಮ ಕೇರಿಯವರೂ ಇಲ್ಲಿಯವರೂ ಒಂದೇ ನೋಡಿ. ಅದೇ ನಮ್ಮ ಪೆನ್ಸಿಲ್ವೇನಿಯಾದ ಪಕ್ಕದ ರಾಜ್ಯ ನೋಡಿ, ವೆಸ್ಟ್ ವರ್ಜೀನಿಯಾದವರು 2008ರಲ್ಲಿ ಇದನ್ನೇ ರಾಜ್ಯದ ಸರೀಸೃಪ ಅಂತ ಘೋಷಣೆ ಮಾಡಿದ್ರು.


ಅರ್ಧ ಪ್ರಾಣಿಶಾಸ್ತ್ರ, ಧಾರವಾಡ

ಊರು ಯಲ್ಲಾಪುರ, ಓದ್ತಾ ಇರೋದು ಧಾರವಾಡದಲ್ಲಿ. ಕೆಲವು ಸೇರಿಸ್ತೀನಿ.

ಸೆಣಬಿನ ಜಾತಿಯ ಗಿಡದ ಒಣ ಕಾಯಿ ಅಲ್ಲಾಡಿಸಿದ್ರೆ ಗಿಲಿಗಿಲಿ ಅನ್ನುತ್ತಲ್ಲ, ಚಿಕ್ಕವರಿದ್ದಾಗ ಎಲ್ಲರೂ ಆಡಿರ್ತೀವಿ. ಸಸ್ಯಶಾಸ್ತ್ರದಲ್ಲಿ ಅದು ಕ್ರೊಟಲೇರಿಯಾ. ರಾಟಲ್‌ಸ್ನೇಕ್ ಕ್ರೊಟಾಲಸ್. ಎರಡೂ ಗಿಲಕಿ ಅನ್ನೋ ಒಂದೇ ಗ್ರೀಕ್ ಪದದಿಂದ ಬಂದಿದ್ದು. ಕಾಯಿ ಒಳಗೆ ಬೀಜ ಇರುತ್ತೆ, ಹಾವಿನ ಗಿಲಕಿ ಒಳಗೆ ಸಿದ್ದಾಪುರದವರು ಹೇಳಿದ ಹಾಗೆ ಖಾಲಿ.

ಕ್ರೊಟಾಲಸಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿ ಇವೆ, ಜಾಸ್ತಿ ಮೆಕ್ಸಿಕೋದಲ್ಲಿ. ಬೆಟ್ಟದ ಕಾಡಿಗೇ ಅಂಟಿಕೊಂಡಿರೋ ಒಂದಿದೆ, ರಿಡ್ಜ್‌ನೋಸ್ಡ್ ರಾಟಲ್‌ಸ್ನೇಕ್, ಅದಕ್ಕೂ ಮೂತಿ ತುದಿ ಮೇಲೆದ್ದು ಅಂಚು ಕಟ್ಟಿರುತ್ತೆ, ಗಾತ್ರವೂ ಸಣ್ಣದು, ಎರಡಡಿ ದಾಟೋದು ಅಪರೂಪ. ಅರಿಜೋನಾ, ನ್ಯೂ ಮೆಕ್ಸಿಕೋ, ಮೆಕ್ಸಿಕೋದ ಉತ್ತರ ಭಾಗದಲ್ಲಿ ಕೆಳಗೆ ಬಿಸಿಲು ಮರಳುಗಾಡು, ನಡುವೆ ನಡುವೆ ಎದ್ದು ನಿಂತ ಬೆಟ್ಟದ ಮೇಲೆ ಮಾತ್ರ ಪೈನ್, ಓಕ್ ಕಾಡು. ಸ್ಕೈ ಐಲ್ಯಾಂಡ್ ಅಂತಾರೆ, ಆಕಾಶದ ದ್ವೀಪ. ಆ ಹಾವು ಆ ಬೆಟ್ಟದಿಂದ ಇಳಿದು ಮರಳುಗಾಡು ದಾಟಿ ಪಕ್ಕದ ಬೆಟ್ಟಕ್ಕೆ ಹೋಗೋಕೆ ಆಗಲ್ಲ, ಹಾಗಾಗಿ ಬೇರೆ ಬೇರೆ ಬೆಟ್ಟಸಾಲಿನಲ್ಲಿ ಬೇರೆ ಬೇರೆ ಉಪಜಾತಿ ಆಗಿಹೋಗಿದೆ. ಹಲ್ಲಿ, ಜರಿ ತಿನ್ನುತ್ತೆ. ವಿಜ್ಞಾನಕ್ಕೆ ಗೊತ್ತಾಗಿದ್ದು 1905ರಲ್ಲಿ, ಅರಿಜೋನಾದ ರಾಜ್ಯ ಸರೀಸೃಪ ಆಗಿದ್ದು 1986ರಲ್ಲಿ.

ಬಾಲದ ವಿಷಯ. 2016ರಲ್ಲಿ ಒಂದು ಅಧ್ಯಯನ ಬಂತು, ಗಿಲಕಿ ಇಲ್ಲದ ಎಷ್ಟೋ ಜಾತಿ ಹಾವುಗಳನ್ನ ಕೆಣಕಿ ಬಾಲ ಎಷ್ಟು ಫಾಸ್ಟ್ ಅದುರಿಸ್ತವೆ ಅಂತ ಅಳೆದ್ರು. ರಾಟಲ್‌ಸ್ನೇಕಿಗೆ ಹತ್ತಿರದ ಸಂಬಂಧ ಇದ್ದಷ್ಟೂ ಅದುರಿಸೋ ರೀತಿ ಅದಕ್ಕೇ ಹತ್ರ ಹತ್ರ ಬಂತು. ಅಂದ್ರೆ ಚಾಳಿ ಮೊದಲು, ಗಿಲಕಿ ಆಮೇಲೆ. ಇನ್ನೊಂದು 2021ರದ್ದು. ನಾವು ಹತ್ತಿರ ಹೋದ ಹಾಗೆ ಹಾವು ಗಿಲಕಿ ಸ್ಪೀಡ್ ನಿಧಾನಕ್ಕೆ ಏರಿಸ್ತಾ ಹೋಗಿ ಒಂದು ಹಂತದಲ್ಲಿ ಪಟ್ ಅಂತ ಜಿಗಿಸಿಬಿಡುತ್ತೆ, ಕೇಳೋರಿಗೆ ಹಾವು ಇದ್ದಕ್ಕಿಂತ ತೀರಾ ಹತ್ರ ಇದೆ ಅನ್ನಿಸುತ್ತೆ. ಸಿದ್ದಾಪುರದ ಅಣ್ಣನ ಕಾಲು ಹಿಂದೆ ಬಂದಿದ್ದು ಅದಕ್ಕೇ ಇರ್ಬಹುದು.

ಕ್ಯಾಲಿಫೋರ್ನಿಯಾ ಕೊಲ್ಲಿಯ ಸಾಂತಾ ಕ್ಯಾಟಲೀನಾ ದ್ವೀಪದಲ್ಲಿ ಗಿಲಕಿಯೇ ಇಲ್ಲದ ರಾಟಲ್‌ಸ್ನೇಕ್ ಇದೆ. ಪೊರೆ ಬಿಟ್ಟಾಗ ಟೊಪ್ಪಿಯೂ ಜೊತೆಗೇ ಕಳಚಿ ಹೋಗುತ್ತೆ.


ಬೆಟ್ಟದಮನೆ, ಶಿರಸಿ

ಇಷ್ಟೆಲ್ಲ ಓದಿ ನನಗೆ ಒಂದು ಹೊಳೀತು, ತಪ್ಪಿದ್ರೆ ತಿದ್ದಿ. ನಮ್ಮ ಹಾವಿಗೆ ದರಕೇ ಗಿಲಕಿ. ಆ ಕಡೆಯ ಹಾವು ಗಿಲಕಿಯನ್ನ ಬಾಲಕ್ಕೆ ಕಟ್ಕೊಂಡೇ ತಿರುಗುತ್ತೆ. ಹಾಗಾದ್ರೆ ಮಳೆಗಾಲದಲ್ಲಿ ದರಕು ಒದ್ದೆ ಆದ ಮೇಲೆ ಇದು ಬಾಲ ಎಷ್ಟು ಅದುರಿಸಿದ್ರೂ ನಮಗೆ ಕೇಳಲ್ಲ ಅಲ್ವಾ? ನಾನು ಆಷಾಢದಲ್ಲಿ ಅದೇ ಮರದ ಬುಡದಲ್ಲಿ ಬರಿಗಾಲಲ್ಲಿ ಎಷ್ಟು ಸಲ ಓಡಾಡಿದೀನೋ, ನೆನೆಸಿಕೊಂಡ್ರೆ ಈಗ ಅಂಗಾಲು ಜುಮ್ ಅಂತಿದೆ.


ಕಾಳಿದಂಡೆ, ಕಾರವಾರ

ಸರಿಯಾಗೇ ಹೇಳಿದ್ರಿ. ಜೂನ್ ಆದ ಮೇಲೆ ಕೇಳೂದಿಲ್ಲ. ನನಗೆ ಮಳೆಗಾಲದಲ್ಲಿ ಫೋನ್ ಜಾಸ್ತಿ ಬರೂದು ಅದಕ್ಕೂ ಇರ್ಬಹುದು.


ದೂರದ ಸಿದ್ದಾಪುರದವ

ಇಲ್ಲೂ ಅಷ್ಟೇ, ಗಿಲಕಿ ನೀರು ಕುಡಿದ್ರೆ ಸದ್ದು ಕುಗ್ಗುತ್ತೆ. ಮಳೆ ಬಂದ ಮರುದಿನ ನಾನಂತೂ ಕಿವಿ ನಂಬಲ್ಲ, ಕಣ್ಣು ನೆಲದ ಮೇಲೇ.


ಡ್ಯೂಟಿ ಮುಗಿಸಿ ಬಂದವಳು, ಕುಮಟಾ

ಕಚ್ಚಿದ್ರೆ ಎಂತ ಗತಿ ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ಎಲ್ಲ ಅಮೆರಿಕಾಕ್ಕೆ ಹೋಗಿಬಿಟ್ರಿ. ನಾನು ನರ್ಸ್, ಎಮರ್ಜೆನ್ಸಿ ವಾರ್ಡಲ್ಲಿ ಇದ್ದೆ.

ನಮ್ಮಲ್ಲಿ ಸಿಗೋ ಹಾವಿನ ಇಂಜೆಕ್ಷನ್, ಎಎಸ್‌ವಿ, ಅದನ್ನ ನಾಲ್ಕು ಹಾವಿನ ವಿಷಕ್ಕೆ ಮಾಡಿರೂದು. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷ ಹೆಚ್ಚಾಗಿ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರ್ತದೆ, ಕುದುರೆಗೆ ಸ್ವಲ್ಪ ಸ್ವಲ್ಪ ಕೊಟ್ಟು ಅದರ ರಕ್ತದಿಂದ ಔಷಧ ತೆಗೀತಾರೆ. ಈ ಉಬ್ಬು ಮೂಗಿನದ್ದು ಆ ನಾಲ್ಕರಲ್ಲಿ ಇಲ್ಲ. ಮಲಬಾರ್ ಪಿಟ್ ವೈಪರೂ ಇಲ್ಲ. ಇದನ್ನ ಬರೆದದ್ದು ಹೆದರಿಸ್ಲಿಕ್ಕಲ್ಲ, ಔಷಧಿಯೇ ಇಲ್ಲ ಅಂದ್ಮೇಲೆ ಆಸ್ಪತ್ರೆಗೆ ಎಂತಕ್ಕೆ ಅಂತ ಮನೇಲೇ ಕೂರ್ತಾರೆ ನೋಡಿ ಕೆಲವರು, ಅವರಿಗೆ. ಹೆಚ್ಚಿನವರಿಗೆ ಉರಿ, ಬಾವು ಬಂದು ಇಳೀತದೆ. ಆದ್ರೆ ಕೆಲವರಿಗೆ ರಕ್ತ ಹೆಪ್ಪುಗಟ್ಟೂದು ಕೆಡ್ತದೆ, ಕಿಡ್ನಿಗೆ ಪೆಟ್ಟಾಗ್ತದೆ, ಕೇರಳದಲ್ಲಿ, ಶ್ರೀಲಂಕಾದಲ್ಲಿ ಇಂಥ ಕೇಸ್ ದಾಖಲಾಗಿವೆ. ಅದು ಮೊದಲ ಗಂಟೆಲೇ ಗೊತ್ತಾಗೂದಿಲ್ಲ. ನಾವು ವಾರ್ಡಲ್ಲಿ ಒಂದು ಒಣ ಗಾಜಿನ ಟ್ಯೂಬಲ್ಲಿ ಸ್ವಲ್ಪ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲ್ಲಾಡಿಸದೇ ಇಡ್ತೇವೆ, ಆಮೇಲೆ ವಾಲಿಸಿ ನೋಡೂದು. ನೀರಿನ ಹಾಗೆ ಹರಿದ್ರೆ ಮಂಡಲದ ವಿಷ ಏರಿದೆ ಅಂತ ಅರ್ಥ. ಅದನ್ನ ಮತ್ತೆ ಮತ್ತೆ ಮಾಡ್ಬೇಕು, ಮೂತ್ರ ಎಷ್ಟು ಹೋಗ್ತಾ ಇದೆ ಅಂತ ಬರೀಬೇಕು, ಬೇಕಾದ್ರೆ ಡಯಾಲಿಸಿಸ್. ಇದೆಲ್ಲ ಮನೇಲಿ ಆಗ್ತದಾ?

ಮತ್ತೆ ಕಚ್ಚಿದ್ದು ಸಣ್ಣ ಮಂಡಲ ಅಂತ ನೀವು ತೀರ್ಮಾನ ಮಾಡ್ಬೇಡ್ರಿ, ಕೊಳಕು ಮಂಡಲದ ಮರಿಯೂ ಸಣ್ಣದೇ. ಎಎಸ್‌ವಿ ಬೇಕೋ ಬೇಡ್ವೋ ಡಾಕ್ಟ್ರು ನೋಡ್ತಾರೆ. ಹಗ್ಗ ಬಿಗಿಯೂದು, ಬ್ಲೇಡಲ್ಲಿ ಕೊಯ್ಯೂದು, ಬಾಯಲ್ಲಿ ಎಳೆಯೂದು ಎಂತದೂ ಬೇಡ. ಉಂಗುರ, ಬಳೆ, ಕಾಲುಂಗುರ ತಕ್ಷಣ ತೆಗೀರಿ, ಬಾವು ಬಂದ್ಮೇಲೆ ಕತ್ತರಿಸಿ ತೆಗೆಯೂದು ನಮ್ಮ ಕೆಲಸ ಆಗ್ತದೆ. ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಮಾಡಿ, 108 ಬರೂದು ತಡ ಅನ್ನಿಸಿದ್ರೆ ಸಿಕ್ಕಿದ ಗಾಡಿಲಿ ಹೊರಡಿ. ಹಾವನ್ನ ಹಿಡಿದು ತರೂದು ಬೇಡ. ಒಂದು ಸಲ ಒಬ್ರು ಪ್ಲಾಸ್ಟಿಕ್ ಕೊಡದಲ್ಲಿ ಜೀವಂತ ತಂದು ಟೇಬಲ್ ಮೇಲೆ ಇಟ್ಟಿದ್ರು, ನಾನು ಕುರ್ಚಿ ಮೇಲೆ.


ದೂರದ ಸಿದ್ದಾಪುರದವ

ಅಕ್ಕಾ, ನೀವು ಬರೆದ ಮೇಲೆ ನನ್ನ ಕಥೆಯೆಲ್ಲ ಹಗುರ ಆಯ್ತು. ಅಮೆರಿಕಾದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಜನಕ್ಕೆ ವಿಷದ ಹಾವು ಕಚ್ಚಿದ್ರೆ ಸಾಯೋದು ಐದು ಜನ ಅಂತ ಇಲ್ಲಿನ ಸರ್ಕಾರಿ ಲೆಕ್ಕ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಸರಾಸರಿ ವರ್ಷಕ್ಕೆ 58 ಸಾವಿರ ಅಂತ ಅಂದಾಜು. ಗಿಲಕಿ ಹಾವಿನ ದೇಶದಲ್ಲಿ ಕೂತು ನಾನು ಹೆದರೋದು ಊರಿನ ಹಾವಿಗೇ, ಅದೂ ಅಮ್ಮ ಕತ್ತಲಲ್ಲಿ ಕೊಟ್ಟಿಗೆಗೆ ಹೋಗ್ತಾಳೆ ಅನ್ನೋ ಕಾರಣಕ್ಕೆ.


ಡ್ಯೂಟಿ ಮುಗಿಸಿ ಬಂದವಳು, ಕುಮಟಾ

ಅಮ್ಮನಿಗೆ ಹಣೆಗೆ ಕಟ್ಟೋ ಟಾರ್ಚ್ ಕಳಿಸ್ರಿ, ಕೈಯಲ್ಲಿ ಹುಲ್ಲು ಇರ್ತದೆ, ಟಾರ್ಚ್ ಹಿಡ್ಕೊಳ್ಳೂದು ಹೇಗೆ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಕೇಸನ್ನೆಲ್ಲ ಸರ್ಕಾರಕ್ಕೆ ವರದಿ ಮಾಡ್ಲೇಬೇಕು ಅಂತ ಆಗಿದೆ, ಇನ್ನಾದ್ರೂ ಎಲ್ಲಿ ಎಷ್ಟು ಔಷಧ ಬೇಕು ಅಂತ ಲೆಕ್ಕ ಸಿಕ್ತದೆ. ನಮ್ಮ ಜಿಲ್ಲೆಯವರು ಸೀರಿಯಸ್ ಆದ್ರೆ ಹುಬ್ಬಳ್ಳಿಗೋ ಮಂಗಳೂರಿಗೋ ಓಡೂದು ತಪ್ಪಿಲ್ಲ, ಅದು ಬೇರೆ ಥ್ರೆಡ್.


ಬೆಟ್ಟದಮನೆ, ಶಿರಸಿ

ಅಪ್‌ಡೇಟ್. ಇವತ್ತು ಬೆಳಗ್ಗೆ ಉದ್ದ ಕೋಲು ತಗೊಂಡು ಹೋಗಿ ದೂರದಿಂದ ಕೆದಕಿದೆ. ಮೊದಲಿನ ಜಾಗದಿಂದ ಮೂರು ಮಾರು ಆಚೆ, ಒಂದು ಕೊಳೆತ ಮರದ ಕುಂಟೆ ಪಕ್ಕ ಕೂತಿತ್ತು, ಅದೇ ಭಂಗಿ. ಜೂಮ್ ಹಾಕಿ ಫೋಟೋ ತೆಗೆದು ಕಾರವಾರದ ಅಣ್ಣನಿಗೆ ಮೆಸೇಜಲ್ಲಿ ಕಳಿಸಿದೆ, ಉಬ್ಬು ಮೂಗಿನದ್ದೇ ಅಂತ ಕನ್ಫರ್ಮ್ ಮಾಡಿದ್ರು. ಭಾವನಿಗೂ ತೋರಿಸಿದೆ. ಹಾಗಾದ್ರೆ ರಾಟಲ್‌ಸ್ನೇಕಿನ ತಮ್ಮ ಅಂತ ನಾನು ಹೇಳಿದ್ದು ಸರಿಯೇ ಆಯ್ತಲ್ಲ ಅಂತಾನೆ, ಅವನು ಯಾವತ್ತು ಹಾಗೆ ಹೇಳಿದ್ದ ಗೊತ್ತಿಲ್ಲ.

ಆ ಹೊನ್ನೆ ಮರದ ಸುತ್ತ ಈ ವರ್ಷ ದರಕು ಬಿಟ್ಟುಬಿಡೋಣ, ನಾಲ್ಕು ಕಲ್ಲಿ ಕಡಿಮೆ ಆದ್ರೆ ಕೊಟ್ಟಿಗೆ ಬಿದ್ದು ಹೋಗಲ್ಲ ಅಂದಳು ಆಯಿ. ಕೆಲಸದವರು ಉಳಿದ ಕಡೆಗೆ ನಾಳೆಯಿಂದ ಬರ್ತಾರೆ, ಗಂಬೂಟ್ ಕೊಡಿಸೋ ಷರತ್ತಿನ ಮೇಲೆ. ನನ್ನದು, ಅವರದ್ದು ಸಿಕ್ತು. ಆಯಿದು ಐದು ನಂಬರ್, ಶಿರಸಿ ಪೇಟೆಲಿ ಮೂರು ಅಂಗಡಿ ತಿರುಗಿದೆ, ಎಲ್ಲ ಏಳರಿಂದ ಮೇಲೆ. ಯಾರಿಗಾದ್ರೂ ಗೊತ್ತಿದ್ರೆ ಹೇಳಿ.


ಹಳೇಮಂಡಿ, ಶಿರಸಿ

ಏಳನೇ ನಂಬರಿಂದೇ ತಗ, ಒಳಗೆ ಎರಡು ಜೊತೆ ಕಾಲುಚೀಲ ಹಾಕಲಿ. ಕೋಲು ಮರೀಬೇಡ.